ವೃದ್ಧಾಶ್ರಮಗಳಲ್ಲಿ ವೃದ್ಧಪೀಡನೆ: ಅದರ ಲಕ್ಷಣ ಮತ್ತು ನಿವಾರಣೆ

ವೃದ್ಧಪೀಡನೆಯೆಂಬ ಮಾತನ್ನು ಕೇಳಿದೊಡನೆ ಹೊಡೆತ, ಬೈಗುಳ, ಆಸ್ತಿಯ ಅಪಹರಣ ಇವೇ ಸಾಮಾನ್ಯವಾಗಿ ಮನಸ್ಸಿಗೆ ತೋರುತ್ತವೆ. 2002ರ ಟೊರಾಂಟೊ ಘೋಷಣೆಯು ಈ ಮಾತಿಗೆ ಕೊಟ್ಟ ಅರ್ಥ ಇದಕ್ಕಿಂತ ವ್ಯಾಪಕವಾದುದು. ವಿಶ್ವಾಸಕ್ಕೆ ಆಸ್ಪದವಿರಬೇಕಾದ ಯಾವುದೇ ಸಂಬಂಧದಲ್ಲಿ ವೃದ್ಧರಿಗೆ ಕೇಡನ್ನಾಗಲಿ ಸಂಕಟವನ್ನಾಗಲಿ ಉಂಟುಮಾಡುವ ಕೃತ್ಯವು, ಒಮ್ಮೆ ನಡೆದರೂ ಸರಿ, ಪದೇಪದೇ ನಡೆದರೂ ಸರಿ, ಪೀಡನೆಯೇ. ಮಾಡಬೇಕಾದುದನ್ನು ಮಾಡದೆ ಬಿಡುವುದೂ ಪೀಡನೆಯೇ. ವೃದ್ಧಾಶ್ರಮಗಳ ವಿಷಯದಲ್ಲಿ ಈ ಕೊನೆಯ ಅಂಶ ಬಹು ಮುಖ್ಯವಾದುದು. ನೀರಿನ ಲೋಟವನ್ನು ಕೈಗೆಟುಕದಲ್ಲಿ ಇಟ್ಟು ಹೋಗುವುದಕ್ಕೆ ಯಾರೂ ಹಿಂಸೆಯೆಂದು ಹೆಸರಿಡುವುದಿಲ್ಲ. ಮಂಚದಿಂದ ಏಳಲಾರದವರ ಪಾಲಿಗೆ ಅದು ಹಿಂಸೆಯೇ.

ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿರುವಂತೆ, ಇಂತಹ ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ರೀತಿಯ ಪೀಡನೆಯನ್ನು ತಾವೇ ಮಾಡಿರುವುದಾಗಿ ಒಪ್ಪಿಕೊಂಡಿದ್ದಾರೆ. ಇಷ್ಟು ಮಂದಿಯೂ ಕ್ರೂರಿಗಳೆಂದು ತಿಳಿಯುವುದು ಸರಿಯಲ್ಲ. ಕಡಿಮೆ ಸಂಬಳ, ದೀರ್ಘವಾದ ರಾತ್ರಿಪಾಳಿ, ತರಬೇತಿಯ ಅಭಾವ, ಒಬ್ಬಳೇ ಆಯಾ ಅನೇಕರನ್ನು ನೋಡಿಕೊಳ್ಳಬೇಕಾದ ಪರಿಸ್ಥಿತಿ, ಇವೆಲ್ಲ ಸೇರಿದಾಗ ಒಳ್ಳೆಯವರ ಕೈಯಲ್ಲಿಯೂ ಅಲಕ್ಷ್ಯವು ಅಭ್ಯಾಸವಾಗಿಬಿಡುತ್ತದೆ. ಇತ್ತ ಪೀಡಿತರಿಗೆ ದೂರು ಹೇಳುವ ಧೈರ್ಯವಿರುವುದಿಲ್ಲ. ಹಗಲಲ್ಲಿ ಯಾರ ಮೇಲೆ ದೂರು ಹೇಳಬೇಕೋ ರಾತ್ರಿ ಅವರ ಕೈಯಿಂದಲೇ ನೀರು ಕುಡಿಯಬೇಕು. ಆದ್ದರಿಂದ ದೂರು ಬಂದಿಲ್ಲವೆಂಬುದು ಪೀಡನೆಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅದನ್ನು ಲಕ್ಷಣಗಳಿಂದಲೇ ಗುರುತಿಸಬೇಕು.

ಲಕ್ಷಣಗಳು

ಮೊದಲನೆಯದಾಗಿ ದೇಹದ ಮೇಲಿನ ಗುರುತುಗಳು. ಎರಡೂ ರಟ್ಟೆಗಳಲ್ಲಿ ಬೆರಳಿನಿಂದ ಒತ್ತಿ ಹಿಡಿದಂತಹ ಕಲೆ, ಮಣಿಕಟ್ಟಿನ ಸುತ್ತ ಕಟ್ಟಿದ ಗೆರೆ ಇವು ಶಂಕೆಗೆ ಎಡೆಗೊಡಬೇಕು. ಆದರೆ ಮುಪ್ಪಿನ ಚರ್ಮ ತೆಳುವಾದುದು. ರಕ್ತವನ್ನು ತೆಳುಮಾಡುವ ಔಷಧ ಸೇವಿಸುವವರಲ್ಲಿ ಅಲ್ಪ ತಾಗಿಕೆಯಿಂದಲೂ ಕಲೆ ಮೂಡುತ್ತದೆ. ಆದುದರಿಂದ ಒಂದು ಕಲೆಯನ್ನು ಕಂಡಮಾತ್ರಕ್ಕೆ ಆರೋಪ ಹೊರಿಸಬಾರದು. ಕೊಟ್ಟ ವಿವರಣೆಯು ಗಾಯಕ್ಕೆ ಹೊಂದುತ್ತದೆಯೇ, ಬೇರೆಬೇರೆಯವರು ಬೇರೆಬೇರೆ ವಿವರಣೆ ಕೊಡುತ್ತಾರೆಯೇ ಎಂಬುದನ್ನು ಗಮನಿಸಬೇಕು.

ಎರಡನೆಯದು ಅಲಕ್ಷ್ಯದ ಚಿಹ್ನೆ. ಸೊಂಟದ ಹಿಂಭಾಗ, ಹಿಮ್ಮಡಿ, ಪಕ್ಕೆಯ ಮೂಳೆ ಇಲ್ಲೆಲ್ಲ ಏಳುವ ಹಾಸಿಗೆ ಹುಣ್ಣು, ಒಣಗಿದ ನಾಲಗೆ, ತಿಂಗಳಿಂದ ತಿಂಗಳಿಗೆ ಇಳಿಯುವ ತೂಕ, ಬೆಳೆದ ಉಗುರು, ಒದ್ದೆಯಾದ ಬಟ್ಟೆ ಇವು ಈ ಬಗೆಯವು. ಮಲಗಿದವರನ್ನು ಕಾಲಕಾಲಕ್ಕೆ ಮಗ್ಗುಲು ಬದಲಾಯಿಸಿದರೆ ಬಹುಮಟ್ಟಿಗೆ ಹುಣ್ಣನ್ನು ತಡೆಯಬಹುದು. ರಾತ್ರಿ ಹಾಸಿಗೆ ಒದ್ದೆಯಾಗದಿರಲೆಂದು ಸಂಜೆಯಿಂದಲೇ ನೀರು ಕೊಡದಿರುವುದೂ ಅಲಕ್ಷ್ಯದ ಒಂದು ರೂಪವೇ.

ಮೂರನೆಯದು ಕಣ್ಣಿಗೆ ಬೀಳದ ಬಂಧನ. ಮಂಚಕ್ಕೆ ಕಟ್ಟುವುದನ್ನು ಯಾರಾದರೂ ಕಂಡು ಕೇಳಬಹುದು. ನಿದ್ರೆಯ ಮಾತ್ರೆಯಿಂದ ಕಟ್ಟುವುದು ಕಾಣದು. ಮೊದಲು ಹಗಲಿನಲ್ಲಿ ಎಚ್ಚರವಾಗಿ ಮಾತನಾಡುತ್ತಿದ್ದವರು ಸದಾ ಮಂಪರಿನಲ್ಲಿರತೊಡಗಿದರೆ, ಯಾವ ಔಷಧವನ್ನು ಯಾವ ವೈದ್ಯರು ಯಾವ ಕಾರಣಕ್ಕೆ ಬರೆದುಕೊಟ್ಟರೆಂದು ಕೇಳತಕ್ಕದ್ದು.

ನಾಲ್ಕನೆಯದು ನಡವಳಿಕೆ. ಪರಿಚಾರಕಿ ಒಳಗೆ ಬಂದೊಡನೆ ಮಾತು ನಿಲ್ಲುವುದು, ಬಂಧುಗಳೊಡನೆ ಏಕಾಂತಕ್ಕೆ ಅವಕಾಶ ದೊರೆಯದಿರುವುದು, ಕಾಗದಗಳ ಮೇಲೆ ಕಾರಣ ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಇವು ಅಪಾಯದ ಸೂಚನೆಗಳು.

ಇತರ ದೇಶಗಳ ಅನುಭವ

ಈ ವಿಷಯ ಬೆಳಕಿಗೆ ಬಂದುದು ಹೊರಗಿನವರ ಭೇಟಿಯಿಂದ. 1965ರಲ್ಲಿ ಇಂಗ್ಲೆಂಡಿನ ಬಾರ್ಬರಾ ರಾಬ್ ಎಂಬ ಮಹಿಳೆಯು ಪರಿಚಿತ ವೃದ್ಧೆಯೊಬ್ಬರನ್ನು ಕಾಣಲು ಲಂಡನ್ನಿನ ಫ್ರೈಯರ್ನ್ ಆಸ್ಪತ್ರೆಗೆ ಹೋದಳು. ವೃದ್ಧರಿಂದ ಕನ್ನಡಕ, ಕಟ್ಟಿಸಿದ ಹಲ್ಲು, ಕಿವಿಯ ಯಂತ್ರಗಳನ್ನು ಸಹ ತೆಗೆದಿಟ್ಟಿದ್ದ ದುಃಸ್ಥಿತಿಯನ್ನು ಬಯಲಿಗೆ ತಂದು, 1967ರಲ್ಲಿ ‘ಸಾನ್ಸ್ ಎವೆರಿಥಿಂಗ್’ ಎಂಬ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದಳು. 1968ರ ಸರಕಾರಿ ವಿಚಾರಣೆಗಳು ಆ ಆರೋಪಗಳಲ್ಲಿ ಬಹುಪಾಲನ್ನು ತಳ್ಳಿಹಾಕಿದವು. ಆದರೆ 1969ರಲ್ಲಿ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ವಿಚಾರಣಾ ವರದಿ ಹೊರಬಿದ್ದಾಗ ಇಂತಹ ದೂರುಗಳು ಕಲ್ಪಿತವಲ್ಲವೆಂಬುದು ಸ್ಪಷ್ಟವಾಯಿತು. ಅದೇ ವರ್ಷ ಆಸ್ಪತ್ರೆಗಳನ್ನು ಹೊರಗಿನಿಂದ ಪರಿಶೀಲಿಸುವ ವ್ಯವಸ್ಥೆಯು ಏರ್ಪಟ್ಟಿತು. ಅಮೆರಿಕದಲ್ಲಿ ವೃದ್ಧರ ಪರವಾಗಿ ದೂರು ವಿಚಾರಿಸುವ ಅಧಿಕಾರಿಗಳ ಪ್ರಯೋಗ 1972ರಲ್ಲಿ ಆರಂಭವಾಗಿ, 1978ರಲ್ಲಿ ಪ್ರತಿ ರಾಜ್ಯಕ್ಕೂ ಕಡ್ಡಾಯವಾಯಿತು. 1987ರ ಕಾನೂನು ಸಿಬ್ಬಂದಿಯ ಅನುಕೂಲಕ್ಕಾಗಿ ನಿವಾಸಿಗಳನ್ನು ಹಗ್ಗದಿಂದಾಗಲಿ ಔಷಧದಿಂದಾಗಲಿ ಬಂಧಿಸುವುದನ್ನು ನಿಷೇಧಿಸಿತು.

ಭಾರತದ ಸ್ಥಿತಿ

ಭಾರತದಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಸಾಮಾನ್ಯವಾಗಿ ಚಿಕ್ಕ ಖಾಸಗಿ ಆಸ್ಪತ್ರೆ. ದೀರ್ಘಕಾಲದ ವಾಸ ವೃದ್ಧಾಶ್ರಮಗಳಲ್ಲಿಯೇ ನಡೆಯುತ್ತದೆ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಪ್ರಧಾನವಾಗಿ ಮಕ್ಕಳ ಕರ್ತವ್ಯವನ್ನು ಕುರಿತದ್ದು. ಜಿಲ್ಲೆಗೆ ಒಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಮ ಸ್ಥಾಪಿಸಬಹುದೆಂದು ಅದು ಹೇಳುತ್ತದೆ. ರಕ್ಷಣೆಯ ಹೊಣೆ ಹೊತ್ತವರು ವೃದ್ಧರನ್ನು ತ್ಯಜಿಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಖಾಸಗಿ ಆಶ್ರಮಗಳ ನೋಂದಣಿಯನ್ನು ಸೂಚಿಸಿದ 2019ರ ತಿದ್ದುಪಡಿ ಮಸೂದೆಯು ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಕಾಯಿದೆಯಾಗಲಿಲ್ಲ. ಹೀಗಿರಲು ಬಂಧುಗಳ ಮತ್ತು ಸಂಘಸಂಸ್ಥೆಗಳ ಕಣ್ಣೇ ಸದ್ಯಕ್ಕೆ ಮುಖ್ಯವಾದ ಕಾವಲು.

ಭಾಷೆಯ ಪ್ರಶ್ನೆ

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಡಿಮೆನ್ಷಿಯಾ ಎಂಬ ಮರೆವಿನ ಬೇನೆ ಬಲಿತಂತೆ, ನಡುವಯಸ್ಸಿನಲ್ಲಿ ಕಲಿತ ಭಾಷೆ ಹಿಂಜರಿದು ತಾಯ್ನುಡಿಯೇ ಉಳಿಯುವುದು ಅನೇಕರಲ್ಲಿ ಕಂಡುಬರುತ್ತದೆ. ನಲವತ್ತು ವರ್ಷ ಮುಂಬಯಿಯ ಕಚೇರಿಯಲ್ಲಿ ಮರಾಠಿ, ಹಿಂದಿಗಳಲ್ಲಿ ವ್ಯವಹರಿಸಿದವರು ಕೊನೆಗೆ “ನೋಯ್ತದೆ” ಎಂದು ಕನ್ನಡದಲ್ಲಿ ಕೂಗಿಕೊಂಡರೆ, ಪರಿಚಾರಕಿಯ ಕಿವಿಗೆ ಅದು ಬರಿಯ ಗದ್ದಲ. ಗದ್ದಲಕ್ಕೆ ದೊರೆಯುವ ಉತ್ತರ ನಿದ್ರೆಯ ಮಾತ್ರೆ. ಇಲ್ಲಿ ದ್ವೇಷವಿಲ್ಲ, ದುರುದ್ದೇಶವಿಲ್ಲ. ಆದರೂ ಪೀಡನೆ ಪೂರ್ಣವಾಗಿದೆ.

ನಿವಾರಣೋಪಾಯ

ಆಶ್ರಮಕ್ಕೆ ಸೇರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಅಗತ್ಯ: ರಾತ್ರಿಯ ಹೊತ್ತು ಎಷ್ಟು ಮಂದಿಗೆ ಒಬ್ಬ ಪರಿಚಾರಕರು? ವೇಳೆ ತಿಳಿಸದೆ ಬಂದು ನೋಡಬಹುದೇ? ತೂಕ, ಔಷಧ, ಬೀಳುವಿಕೆ ಇವುಗಳ ದಾಖಲೆಯನ್ನು ಬಂಧುಗಳಿಗೆ ತೋರಿಸುವರೇ? ಎರಡನೆಯ ಪ್ರಶ್ನೆಗೆ ಇಲ್ಲವೆಂದು ಉತ್ತರ ಬರುವಲ್ಲಿ ಸೇರಿಸದಿರುವುದೇ ಲೇಸು.

ಸೇರಿಸಿದ ಮೇಲೆ ಭೇಟಿಯ ದಿನವೂ ಹೊತ್ತೂ ಬದಲಾಗುತ್ತಿರಬೇಕು. ಕಂಡುದನ್ನು ತಾರೀಖು ಸಹಿತ ಬರೆದಿಡಬೇಕು. ಶಂಕೆ ಬಂದಾಗ ಪರಿಚಾರಕರೊಡನೆ ಜಗಳವಾಡಿ ವೃದ್ಧರನ್ನು ಅವರ ಕೈಯಲ್ಲೇ ಬಿಟ್ಟುಬರುವುದು ಅವಿವೇಕ. ವ್ಯವಸ್ಥಾಪಕರಿಗೆ ಲಿಖಿತ ದೂರು ಸಲ್ಲಿಸಿ, ಹೊರಗಿನ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಪ್ರಾಣಾಪಾಯದ ಸಂದರ್ಭಕ್ಕೆ 112.

ಕನ್ನಡ ಸಂಘಗಳು ಮಾಡಬಹುದಾದ ಕಾರ್ಯ ಹೆಚ್ಚು ವೆಚ್ಚದ್ದಲ್ಲ. ತಮ್ಮ ನಗರದ ಆಶ್ರಮಗಳಲ್ಲಿರುವ ಕನ್ನಡಿಗ ವೃದ್ಧರನ್ನು ಗುರುತಿಸಿ, ಒಬ್ಬೊಬ್ಬರಿಗೆ ಇಬ್ಬರು ಭೇಟಿಗಾರರನ್ನು ಗೊತ್ತುಮಾಡಬಹುದು. ನೀರು, ನೋವು, ಚಳಿ, ಬೇಡ, ಬಚ್ಚಲು ಮೊದಲಾದ ಇಪ್ಪತ್ತು ಕನ್ನಡ ಶಬ್ದಗಳನ್ನು ಆಯಾ ನಗರದ ಲಿಪಿಯಲ್ಲಿ ಅರ್ಥಸಹಿತ ಬರೆದು ಮಂಚದ ಬಳಿ ತೂಗುಹಾಕಬಹುದು. 2007ರ ಕಾಯಿದೆಯ ಪ್ರಕಾರ, ಅಶಕ್ತರಾದ ವೃದ್ಧರ ಪರವಾಗಿ ಅವರ ಒಪ್ಪಿಗೆ ಪಡೆದ ನೋಂದಾಯಿತ ಸಂಘವೂ ಪೋಷಣೆಗಾಗಿ ಅರ್ಜಿ ಸಲ್ಲಿಸಬಹುದು. ನಾಡಹಬ್ಬಕ್ಕೂ ನಾಟಕಕ್ಕೂ ಕಾರ್ಯಕರ್ತರನ್ನು ಕೂಡಿಸಬಲ್ಲ ಸಂಘಗಳಿಗೆ ವಾರಕ್ಕೊಂದು ಗಂಟೆಯ ಈ ಭೇಟಿಯು ಅಸಾಧ್ಯವಾದುದಲ್ಲ. ಆ ನಾಟಕಗಳನ್ನು ಒಂದು ಕಾಲದಲ್ಲಿ ಆಡಿದವರು ಇಂದು ಈ ಮಂಚಗಳ ಮೇಲಿರಬಹುದು.