ಐದೂವರೆ ತಾಸು ಹಿಂದೆ ಬೀಳುವ ಗಡಿಯಾರ

ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯ ಗೆಳೆಯರೊಬ್ಬರ ಪ್ರಶ್ನೆ: ‘ಸರ್, ನಮ್ಮ ಕಂಪ್ಯೂಟರಿನ ಗಡಿಯಾರ ಆಗಾಗ ಐದೂವರೆ ತಾಸು ಹಿಂದ ಬೀಳತೈತಿ. ಸೆಲ್ ಎರಡು ಸಲ ಬದಲಿಸಿದ್ವಿ. ಅಂಗಡಿಗೆ ದೃಷ್ಟಿ ತಾಗೇತಿ ಅಂತಾರ ಮನ್ಯಾಗ.’

ಅವರ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಎರಡು ಸಂಸಾರ. ಪೇಜ್‌ಮೇಕರ್ ಮತ್ತು ಹಳೆಯ ‘ನುಡಿ’ ಫೈಲುಗಳಿಗೆ ವಿಂಡೋಸ್ 7, ಇಂಟರ್ನೆಟ್ಟಿಗೆ ಉಬುಂಟು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಲಗ್ನದ ಸೀಜನ್ ಮಾತ್ರ ಅದನ್ನು ನಿವೃತ್ತಿಯಾಗಲು ಬಿಡುತ್ತಿಲ್ಲ.

ಎರಡೂ ಒಟ್ಟಿಗೆ ಓಡುವುದಿಲ್ಲ. ಯಾವುದು ಏಳಬೇಕೆಂದು ಕಂಪ್ಯೂಟರ್ ಆನ್ ಮಾಡಿದಾಗಲೇ ಆರಿಸಬೇಕು. ಇಂಥ ಹಳೆಯ ಯಂತ್ರಗಳಲ್ಲಿ ಆ ಕೆಲಸದ ಮೊದಲ ಹೆಜ್ಜೆಗೆ ಡಿಸ್ಕಿನ ಆರಂಭದಲ್ಲಿ ಸಿಗುವ ಜಾಗ 446 ಬೈಟ್. ಯೂನಿಕೋಡಿನ ಯುಟಿಎಫ್-8 ರೂಪದ ಕನ್ನಡದಲ್ಲಿ ಬರೆದರೆ 148 ಚಿಹ್ನೆ, ಲಗ್ನಪತ್ರಿಕೆಯ ಒಕ್ಕಣೆಗೂ ಸಾಲದು!

ಇನ್ನು ಗಡಿಯಾರ. ಕರೆಂಟು ಹೋದಾಗಲೂ ಮದರ್‌ಬೋರ್ಡಿನ ಪುಟ್ಟ ಸೆಲ್ಲಿನ ಬಲದಲ್ಲಿ ಅದು ಓಡುತ್ತಿರುತ್ತದೆ. ಅದರಲ್ಲಿರುವುದು ಬರೀ ಅಂಕಿ; ಯಾವ ದೇಶದ ಹೊತ್ತು ಎಂಬ ಗುರುತಿಲ್ಲ. ಡಾಸ್ ಕಾಲದ ರೂಢಿ ಬಿಡದ ವಿಂಡೋಸ್ ಅದನ್ನು ನಮ್ಮೂರಿನ ಹೊತ್ತೆಂದೇ ಓದುತ್ತದೆ. ಉಬುಂಟು ಅದನ್ನು ಜಾಗತಿಕ ಹೊತ್ತೆಂದು ತಿಳಿದು, ಭಾರತಕ್ಕಾಗಿ ಐದೂವರೆ ತಾಸು ಕೂಡಿಸಿ ತೋರಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ಪಡೆದ ಉಬುಂಟು, ಗಡಿಯಾರದಲ್ಲಿ ಆರೂವರೆ ಎಂದು ಬರೆದಿಡುತ್ತದೆ. ಆಮೇಲೆ ಎದ್ದ ವಿಂಡೋಸಿಗೆ ಇನ್ನೂ ಬೆಳಗಿನ ಆರೂವರೆಯೇ!

ಸೆಲ್ ಸತ್ತಿದ್ದರೆ ಗಡಿಯಾರ ಯಾವುದೋ ಹಳೆಯ ವರ್ಷದ ತಾರೀಖಿಗೆ ಹಾರುತ್ತಿತ್ತು. ಪ್ರತಿ ಸಲವೂ ನಿಖರವಾಗಿ ಐದೂವರೆ ತಾಸೇ ಕದಿಯುವ ದೃಷ್ಟಿ ಎಲ್ಲಾದರೂ ಉಂಟೇ? ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬೇಡಿ. ಅದರಲ್ಲೂ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದಕ್ಕೆ ಯಾವ ದೆವ್ವವೂ ಹೆದರಲಾರದು.

ಗಡಿಯಾರದಲ್ಲಿರುವುದು ಸ್ಥಳೀಯ ಹೊತ್ತು ಎಂದು ಉಬುಂಟುವಿಗೆ ಒಂದು ಸಲ ಹೇಳಿದರೆ ಸಾಕು. ಅಮೆರಿಕದ ಬಹುಭಾಗದಲ್ಲಿ ಈ ಉಪಾಯ ಕೈಕೊಡಬಹುದು. ವರ್ಷಕ್ಕೆರಡು ಬಾರಿ ಅಲ್ಲಿ ಗಡಿಯಾರ ತಿರುಗಿಸುತ್ತಾರೆ, ಎರಡು ವ್ಯವಸ್ಥೆಗಳೂ ಒಂದೊಂದು ಸಲ ತಿರುಗಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ. ನಮಗೆ ಆ ರಗಳೆಯಿಲ್ಲ. ಮೂರನೆಯ ಸೆಲ್ ತಂದಿಟ್ಟಿದ್ದರೆ ವಾಪಸ್ ಕೊಟ್ಟುಬಿಡಿ.