ಅಜ್ಜನ ಚಾಕು ಸಾಣೆ ಚಕ್ರಕ್ಕೆ ಬೇಡ

ಹಳೆಯ ಮಡಚುವ ಚಾಕುಗಳನ್ನು ಕೂಡಿಡುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ನಾಲ್ಕು ಜನ ಗೆಳೆಯರು ಸೇರಿದಾಗ ಕಿಸೆಯಿಂದ ಒಂದೊಂದಾಗಿ ಹೊರಬರುತ್ತವೆ. ಆಗ ನಿಮ್ಮ ಚಾಕುವಿನ ಅಲಗು ಕಪ್ಪಾಗಿದೆಯೆಂದು ನಾಚಬೇಡಿ. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಂ ಹಳೆಯ ಕಮ್ಮಾರರ ಉಕ್ಕಿನಲ್ಲಿಲ್ಲ. ಅಡಿಕೆ, ಮಾವಿನಕಾಯಿ ಕೊಯ್ದರೆ ಕಪ್ಪಾಗುವುದು ಸಹಜ. ಅದನ್ನು ಉಜ್ಜಿ ತೆಗೆಯಬೇಕಿಲ್ಲ. ಕೆಂಪು ತುಕ್ಕನ್ನು ಮಾತ್ರ ಬಿಡಬೇಡಿ.

ಹೊಳಪಿನ ಆಸೆಗೆ ಬಿದ್ದು ನಾನೇ ಕೆಟ್ಟಿದ್ದೇನೆ. ತಂದೆಯವರು ಮಾವಿಗೆ ಕಸಿ ಕಟ್ಟುತ್ತಿದ್ದ ಚಾಕುವನ್ನು ಜಾತ್ರೆಯಲ್ಲಿ ಸಾಣೆ ಚಕ್ರಕ್ಕೆ ಕೊಟ್ಟೆ. ಕಿಡಿ ಹಾರಿತು, ಅಂಚು ನೀಲಿಗೆ ತಿರುಗಿತು. ನೀಲಿ ಬಂತೆಂದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕಮ್ಮಾರ ಕೊಟ್ಟ ಹದ ಇಳಿಯಿತೆಂದೇ ತಿಳಿಯಿರಿ. ಈಗ ಅದು ನಾಲ್ಕು ಕಡ್ಡಿ ಕೊಯ್ಯುವಷ್ಟರಲ್ಲಿ ಮೊಂಡಾಗುತ್ತದೆ. ಮೊಂಡು ಅಲಗಿಗೆ ಜಜ್ಜಿದ ಕಡ್ಡಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಗೆಳೆಯರಿಗೆ ತೋರಿಸುವುದಿಲ್ಲ.

ಮಸೆಗಲ್ಲಿಗೆ ನೀರು ಹಾಕಿ ಕೈಯಲ್ಲೇ ಮಸೆಯಿರಿ. ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ಕೊಯ್ದ ಮೇಲೆ ಒರೆಸಿ, ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.