ದೂರದ ಬೆಟ್ಟಕ್ಕೆ ಭಯ, ಹತ್ತಿರದ ನೀರಿಗೆ ಧೈರ್ಯ!

ಕೆಂಗೇರಿ: ದೂರದ ಬೆಟ್ಟ ನುಣ್ಣಗೆ ಅನ್ನೋದು ಹಳೇ ಗಾದೆ. ಪ್ರವಾಸ ಹೊರಡುವವರ ಲೆಕ್ಕ ಈಗ ಉಲ್ಟಾ!

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ 26 ಮಂದಿ ಬಲಿಯಾದರು. ಕನ್ನಡಿಗರೂ ಇದ್ದರು. ಕಾದಿರಿಸಿದ್ದ ಟಿಕೆಟ್‌ಗಳು ರಾಶಿ ರಾಶಿ ರದ್ದಾದವು. ಅಲ್ಲಿನ ಸರ್ಕಾರವೇ 87 ತಾಣಗಳಲ್ಲಿ 48ನ್ನು ಮುಚ್ಚಿತು. ಹೆದರಿದ್ದು ತಪ್ಪಲ್ಲ ಬಿಡಿ.

ಆದರೆ ನಮ್ಮ ಮಂಚನಬೆಲೆ? ಕೆಂಗೇರಿಯಿಂದ ದೊಡ್ಡ ಆಲದ ಮರ ದಾಟಿ ಮುಂದೆ ಹೋದರೆ ಅರ್ಕಾವತಿಯ ಈ ಜಲಾಶಯ. ನೀರಿಗೆ ಇಳಿಯಬೇಡಿ ಅಂತ ಬೋರ್ಡು ಇದೆ. ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಇಳಿಯುವವರೂ ಇದ್ದಾರೆ! ಮೇಲೆ ಶಾಂತ ನೀರು; ಕೆಳಗೆ ಕಾಲು ಹಿಡಿಯುವ ಹೂಳು, ದಿಢೀರ್ ಆಳ. ಎಷ್ಟೋ ಮನೆಯ ಮಕ್ಕಳು ಇಲ್ಲಿ ಮುಳುಗಿದ್ದಾರೆ.

ಒಂದೇ ದಿನ 26 ಸಾವಾದರೆ ದೇಶವೇ ನಡುಗುತ್ತದೆ. ಒಬ್ಬೊಬ್ಬರಾಗಿ ಸತ್ತರೆ ಒಳಪುಟದಲ್ಲಿ ನಾಲ್ಕು ಸಾಲು, ನಾಳೆಗೆ ಮರೆವು. ಆ ನಾಲ್ಕು ಸಾಲು ಬರೆಯುವವರು ನಾವೇ. ಭಯ ಹುಟ್ಟೋದು ಸುದ್ದಿಯ ಗಾತ್ರ ನೋಡಿ, ಅಪಾಯದ ಗಾತ್ರ ನೋಡಿ ಅಲ್ಲ. ಜೊತೆಗೆ ‘ನಮ್ಮೂರ ನೀರು ತಾನೇ’ ಅನ್ನೋ ಸಲಿಗೆ ಬೇರೆ.

ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಡುವವರೇ, ಮಕ್ಕಳನ್ನು ದಡದಲ್ಲೇ ಕೂರಿಸಿ. ದಡದಲ್ಲಿ ತಿಂದರೂ ಚಿತ್ರಾನ್ನ ರುಚಿಯೇ.